ಎಲೆಕ್ಟ್ರಾನ್ ‘ಎರಡೂ ಗಂಡಿಗಳಲ್ಲಿ ಹಾದುಹೋಗುತ್ತದೆ’ ಎಂದು ಪಾಠದಲ್ಲಿ ಹೇಳಬಹುದೇ?

ಪಿಯು ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ದ್ವಿತೀಯ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಬೆಳಕಿನ ವ್ಯತಿಕರಣ (ಅಲೆಗಳು ಕೂಡಿ ಬೆಳಕು-ಕತ್ತಲೆಯ ಪಟ್ಟಿಗಳನ್ನು ಮೂಡಿಸುವುದು) ಮುಗಿದು ದ್ರವ್ಯ ತರಂಗಗಳ ಪಾಠಕ್ಕೆ ಬಂದಾಗ, ಯಂಗ್‌ನ ಜೋಡಿ ಸೀಳುಗಂಡಿಯ ಪ್ರಯೋಗವನ್ನು ಬೆಳಕಿನ ಬದಲು ಎಲೆಕ್ಟ್ರಾನ್‌ಗಳಿಂದ ಮಾಡಿದರೂ, ಒಂದು ಪರದೆಗೆ ತಲುಪಿದ ಮೇಲೆಯೇ ಇನ್ನೊಂದು ಹೊರಡುವಂತೆ ಮಾಡಿದರೂ, ಕೊನೆಗೆ ಅವೇ ಪಟ್ಟಿಗಳು ಮೂಡುತ್ತವೆ ಎಂದು ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸರ್, ಒಂದೇ ಎಲೆಕ್ಟ್ರಾನ್ ಇದ್ದಾಗ ಅದು ಯಾವ ಗಂಡಿಯಲ್ಲಿ ಹೋಯಿತು?” ಎಂದು ಕೇಳಿದಳು. ನಾನು “ಎರಡರಲ್ಲೂ” ಎಂದುಬಿಟ್ಟೆ. “ಹಾಗಿದ್ದರೆ ಒಂದೊಂದು ಗಂಡಿಯ ಹತ್ತಿರವೂ ಅರ್ಧರ್ಧ ಎಲೆಕ್ಟ್ರಾನ್ ಸಿಗಬೇಕಲ್ಲ ಸರ್?” ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು, ನಾನು ಬಚಾವಾದೆ.

ಈಗ ಟಿಪ್ಪಣಿ ಬರೆದು ಹಂಚಬೇಕಾಗಿದೆ. ‘ಎಲೆಕ್ಟ್ರಾನ್ ಏಕಕಾಲಕ್ಕೆ ಎರಡೂ ಗಂಡಿಗಳಲ್ಲಿ ಹಾದುಹೋಗುತ್ತದೆ’ ಎಂದು ಅದರಲ್ಲಿ ಬರೆಯುವುದು ಸರಿಯೇ? ಸರಿಯಲ್ಲವಾದರೆ ಏನೆಂದು ಬರೆಯಬೇಕು?

ಹೊಂಗೆ ನೆರಳು

ಧಾರಾಳವಾಗಿ ಬರೆಯಿರಿ ಸರ್. ಜನಪ್ರಿಯ ವಿಜ್ಞಾನದ ಲೇಖನಗಳೆಲ್ಲ ಹಾಗೆಯೇ ಬರೆಯುತ್ತವೆ, ಇದರಲ್ಲಿ ತಕರಾರೇನಿದೆ?

ಗಣಿತದ ಗೀಳು

ತಕರಾರು ಇದೆ, ಅದನ್ನು ಆ ಹುಡುಗಿಯೇ ಎತ್ತಿದ್ದಾಳೆ. ಗಂಡಿಗಳ ಬಳಿ ಶೋಧಕವನ್ನಿಟ್ಟಾಗಲೆಲ್ಲ ಎಲೆಕ್ಟ್ರಾನ್ ಯಾವುದಾದರೂ ಒಂದು ಗಂಡಿಯಲ್ಲಿ, ತನ್ನ ಪೂರ್ತಿ ವಿದ್ಯುದಂಶದೊಂದಿಗೆ ಸಿಕ್ಕಿದೆಯೇ ಹೊರತು, ಅರ್ಧ ಇಲ್ಲಿ ಅರ್ಧ ಅಲ್ಲಿ ಎಂದು ಒಮ್ಮೆಯೂ ಸಿಕ್ಕಿಲ್ಲ. ‘ಎರಡರಲ್ಲೂ ಹೋಯಿತು’ ಎನ್ನುವುದಕ್ಕೆ ಯಾವ ಅಳತೆಯ ಆಧಾರವೂ ಇಲ್ಲ.

ಹಾಗೆಂದು ‘ಯಾವುದೋ ಒಂದರಲ್ಲಿ ಹೋಗಿದೆ, ನಮಗೆ ತಿಳಿಯದು ಅಷ್ಟೇ’ ಎಂದು ಸುಮ್ಮನಾಗುವಂತೆಯೂ ಇಲ್ಲ. ಪರದೆಯ ಮೇಲೆ ಕತ್ತಲೆಯ ಪಟ್ಟಿಯಲ್ಲಿರುವ ಒಂದು ಬಿಂದುವನ್ನು ಹಿಡಿಯಿರಿ. ಎಡಗಂಡಿಯೊಂದೇ ತೆರೆದಿದ್ದಾಗ ಅಲ್ಲಿಗೆ ಗಂಟೆಗೆ ನೂರು ಎಲೆಕ್ಟ್ರಾನ್‌ಗಳು ಬರುತ್ತವೆ, ಬಲಗಂಡಿಯೊಂದೇ ತೆರೆದಿದ್ದಾಗಲೂ ನೂರು ಬರುತ್ತವೆ ಎಂದುಕೊಳ್ಳೋಣ. ಪ್ರತಿಯೊಂದು ಎಲೆಕ್ಟ್ರಾನೂ ಇನ್ನೊಂದು ಗಂಡಿಯ ಗೊಡವೆಯೇ ಇಲ್ಲದೆ ತನ್ನ ಗಂಡಿಯಿಂದ ಬರುವುದಾಗಿದ್ದರೆ ಎರಡನ್ನೂ ತೆರೆದಾಗ ಇನ್ನೂರು ಬರಬೇಕಿತ್ತು. ಬರುವುದು ಸೊನ್ನೆ. ಎರಡನೆಯ ಬಾಗಿಲನ್ನು ತೆರೆದದ್ದರಿಂದಲೇ ಒಳಬರುವವರು ನಿಂತುಹೋದರು! ಪಕ್ಕದ ಬೆಳಕಿನ ಪಟ್ಟಿಯ ನಡುವೆ ಎಣಿಸಿದರೆ ಇನ್ನೂರರ ಬದಲು ನಾನೂರು ಸಿಗುತ್ತವೆ. ಒಟ್ಟು ಲೆಕ್ಕ ತಪ್ಪುವುದಿಲ್ಲ, ಹಂಚಿಕೆ ಬದಲಾಗುತ್ತದೆ.

ಇದಕ್ಕೆ ಕ್ವಾಂಟಂ ಸಿದ್ಧಾಂತ ಹೇಳುವ ಲೆಕ್ಕ ಸರಳವಾಗಿದೆ. ಪ್ರತಿ ಸಾಧ್ಯತೆಗೂ ಒಂದು ಪಾರವಿದೆ (ಆಂಪ್ಲಿಟ್ಯೂಡ್), ಅದು ಸಂಮಿಶ್ರ ಸಂಖ್ಯೆ. ಸಾಧ್ಯತೆಗಳನ್ನು ಬೇರ್ಪಡಿಸುವ ಗುರುತು ಎಲ್ಲಿಯೂ ಉಳಿದಿಲ್ಲವಾದರೆ ಮೊದಲು ಪಾರಗಳನ್ನು ಕೂಡಿ, ಆಮೇಲೆ ಮೊತ್ತದ ಪರಿಮಾಣವನ್ನು ವರ್ಗ ಮಾಡಬೇಕು. ಒಂದಕ್ಕೆ ಒಂದು ಕೂಡಿದರೆ ಎರಡು, ಅದರ ವರ್ಗ ನಾಲ್ಕು. ಒಂದಕ್ಕೆ ಋಣ ಒಂದು ಕೂಡಿದರೆ ಸೊನ್ನೆ. ಕೂಡುವುದು ಎಲೆಕ್ಟ್ರಾನ್‌ಗಳನ್ನಲ್ಲ, ಪಾರಗಳನ್ನು. ಮೇಷ್ಟ್ರ ಟಿಪ್ಪಣಿಯಲ್ಲಿ ಈ ಒಂದು ವಾಕ್ಯವಿದ್ದರೆ ಉಳಿದದ್ದನ್ನು ಮಕ್ಕಳೇ ಎಳೆದುಕೊಳ್ಳುತ್ತಾರೆ.

ಹೊಂಗೆ ನೆರಳು

ಒಪ್ಪಿದೆ, ನನ್ನ ಮಾತನ್ನು ಹಿಂತೆಗೆದುಕೊಂಡೆ. ಆದರೆ ‘ಒಂದೊಂದೇ ಎಲೆಕ್ಟ್ರಾನ್’ ಎನ್ನುವುದನ್ನು ನಿಜವಾಗಿ ಮಾಡಿ ನೋಡಿದವರು ಯಾರು? ಪುಸ್ತಕಗಳಲ್ಲಿ ಬರುವುದು ಹೆಚ್ಚಾಗಿ ಊಹೆಯ ಪ್ರಯೋಗದಂತೆಯೇ ಇರುತ್ತದೆ.

ಪ್ರಯೋಗಾಲಯದ ಮೂಲೆ

1989ರಲ್ಲಿ ಜಪಾನಿನ ಹಿಟಾಚಿ ಸಂಸ್ಥೆಯ ಪ್ರಯೋಗಾಲಯದಲ್ಲಿ ಅಕಿರಾ ಟೊನೊಮುರಾ ಮತ್ತು ಸಂಗಡಿಗರು ಮಾಡಿದ್ದಾರೆ. ಅವರ ಎಲೆಕ್ಟ್ರಾನ್‌ಗಳು 50,000 ವೋಲ್ಟ್‌ಗಳಲ್ಲಿ ವೇಗ ಪಡೆದಿದ್ದವು, ಅಂದರೆ ಬೆಳಕಿನ ವೇಗದ ಸುಮಾರು ಶೇ. 40ರಷ್ಟು ವೇಗ. ತರಂಗಾಂತರ ಒಂದು ಮೀಟರಿನ ಲಕ್ಷ ಕೋಟಿಯ ಒಂದು ಭಾಗದ ಐದರಷ್ಟು, ಪರಮಾಣುವಿನ ಗಾತ್ರಕ್ಕಿಂತ ಎಷ್ಟೋ ಚಿಕ್ಕದು. ಸೆಕೆಂಡಿಗೆ ಸಾವಿರದ ಆಸುಪಾಸಿನಲ್ಲಿ ಎಲೆಕ್ಟ್ರಾನ್‌ಗಳು ಬಂದರೆ ಎರಡರ ನಡುವಿನ ಸರಾಸರಿ ಅಂತರ ನೂರಿಪ್ಪತ್ತು ಕಿಲೋಮೀಟರ್ ಆಗುತ್ತದೆ. ಒಂದು ಶ್ರೀರಂಗಪಟ್ಟಣ ಮುಟ್ಟಿದಾಗ ಹಿಂದಿನದು ಇನ್ನೂ ಬೆಂಗಳೂರಿನಲ್ಲಿರುತ್ತದೆ ಎಂದಂತೆ. ಉಪಕರಣದ ಉದ್ದವೋ ಒಂದೆರಡು ಮೀಟರ್‌ಗಳ ಮಾತು. ಆದ್ದರಿಂದ ಎರಡು ಎಲೆಕ್ಟ್ರಾನ್‌ಗಳು ಒಳಗೆ ಒಂದಕ್ಕೊಂದು ತಾಕಿ ಪಟ್ಟಿ ಮೂಡಿಸಿದವು ಎಂದು ವಾದಿಸಲು ಜಾಗವೇ ಇಲ್ಲ.

ಆ ಚಿತ್ರಗಳನ್ನು ಹುಡುಕಿ ತರಗತಿಯಲ್ಲಿ ತೋರಿಸಿ. ಮೊದಲನೆಯದರಲ್ಲಿ ಹತ್ತು ಚುಕ್ಕೆಗಳು, ಯಾರೋ ಸಾಸಿವೆ ಚೆಲ್ಲಿದಂತೆ. ನೂರಾದಾಗಲೂ ಯಾವ ಕ್ರಮವೂ ಕಾಣುವುದಿಲ್ಲ. ಮೂರು ಸಾವಿರದ ಹೊತ್ತಿಗೆ ಕಣ್ಣು ಕಿರಿದು ಮಾಡಿ ನೋಡಿದರೆ ಉದ್ದುದ್ದ ಗೆರೆಗಳ ಅನುಮಾನ ಬರುತ್ತದೆ. ಎಪ್ಪತ್ತು ಸಾವಿರಕ್ಕೆ ಪಟ್ಟಿಗಳು ಸ್ಪಷ್ಟವಾಗಿ ನಿಂತಿರುತ್ತವೆ. ಪ್ರತಿ ಎಲೆಕ್ಟ್ರಾನ್ ಒಂದು ಪೂರ್ಣ ಚುಕ್ಕೆಯಾಗಿಯೇ ಬೀಳುತ್ತದೆ, ಮಸುಕಾದ ಒಂದು ಪಟ್ಟಿಯಾಗಿ ಎಂದೂ ಬೀಳುವುದಿಲ್ಲ.

ಒಂದು ತಿದ್ದುಪಡಿಯನ್ನೂ ಸೇರಿಸುತ್ತೇನೆ. ಅಲ್ಲಿ ಗಂಡಿಗಳೇ ಇರಲಿಲ್ಲ. ಎರಡು ಲೋಹದ ಫಲಕಗಳ ನಡುವೆ ಧನ ವಿದ್ಯುದಂಶವಿರುವ ಅತಿ ತೆಳುವಾದ ತಂತಿಯೊಂದಿತ್ತು. ತಂತಿಯ ಎಡದಿಂದ ಮತ್ತು ಬಲದಿಂದ ಬರುವ ತರಂಗಭಾಗಗಳು ಒಳಕ್ಕೆ ಬಾಗಿ ಒಂದರ ಮೇಲೊಂದು ಬೀಳುತ್ತಿದ್ದವು. ಇದನ್ನು ಎಲೆಕ್ಟ್ರಾನ್ ದ್ವಿಪ್ರಿಸಂ ಎನ್ನುತ್ತಾರೆ.

ಕಡಲ ಕರೆಯವನು

ಟೊನೊಮುರಾ ಮೊದಲಿಗರು ಎಂಬ ಭಾವನೆ ಬಾರದಿರಲಿ. ನಿಜವಾದ ಗಂಡಿಗಳನ್ನೇ ಕೊರೆದು ಎಲೆಕ್ಟ್ರಾನ್‌ಗಳ ವ್ಯತಿಕರಣವನ್ನು ತೋರಿಸಿದವರು ಜರ್ಮನಿಯ ಟ್ಯೂಬಿಂಗನ್‌ನ ಕ್ಲಾಸ್ ಯೋನ್ಸನ್, 1961ರಲ್ಲಿ. ಇಟಲಿಯ ಬೊಲೊನ್ಯಾದಲ್ಲಿ ಮೆರ್ಲಿ, ಮಿಸ್ಸಿರೋಲಿ, ಪೊಟ್ಸಿ ಎಂಬ ಮೂವರು ಒಂದೊಂದೇ ಎಲೆಕ್ಟ್ರಾನ್ ಬಂದು ಪಟ್ಟಿ ಕಟ್ಟುವುದನ್ನು 1970ರ ದಶಕದಲ್ಲಿಯೇ ದಾಖಲಿಸಿ 1976ರಲ್ಲಿ ಪ್ರಕಟಿಸಿದ್ದರು. ಹೆಸರು ಮಾತ್ರ ಜಪಾನಿನವರಿಗೆ ಬಂತು.

ನಿವೃತ್ತ ಇಂಜಿನಿಯರ್

ಬೆಳಕಿನಲ್ಲಿ ಇದು ಇನ್ನೂ ಹಳೆಯದು. 1909ರಲ್ಲಿ ಕೇಂಬ್ರಿಡ್ಜಿನ ಜಿ. ಐ. ಟೇಲರ್ ಬೆಳಕನ್ನು ಎಷ್ಟು ಕ್ಷೀಣಗೊಳಿಸಿದರೆಂದರೆ, ಸೂಜಿಯೊಂದರ ನೆರಳಿನ ಛಾಯಾಚಿತ್ರ ಮೂಡಲು ಸುಮಾರು 2000 ಗಂಟೆ, ಅಂದರೆ ಹೆಚ್ಚುಕಡಿಮೆ ಮೂರು ತಿಂಗಳು ಹಿಡಿಯಿತು. ಪಟ್ಟಿಗಳ ಸ್ಫುಟತೆ ಒಂದಿಷ್ಟೂ ಕಡಿಮೆಯಾಗಲಿಲ್ಲ. ಒಂದೊಂದೇ ಫೋಟಾನ್ (ಬೆಳಕಿನ ಕಣ) ಕೂಡ ತನ್ನೊಡನೆ ತಾನೇ ವ್ಯತಿಕರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೇ?

ಪ್ರಯೋಗಾಲಯದ ಮೂಲೆ

ಬೇಕು ಸರ್. ಬೆಳಕನ್ನು ಕ್ಷೀಣಗೊಳಿಸಿದ ಮಾತ್ರಕ್ಕೆ ಅದು ಒಂದೊಂದೇ ಫೋಟಾನಿನ ಸಾಲಾಗುವುದಿಲ್ಲ. ಸರಾಸರಿ ಎಷ್ಟೇ ಕಡಿಮೆಯಿದ್ದರೂ ಆಗೀಗ ಎರಡು ಜೊತೆಯಾಗಿ ಬರುತ್ತವೆ, ಮತ್ತು ಅಂಥ ಬೆಳಕಿನ ಪಟ್ಟಿಗಳನ್ನು ಬೆಳಕನ್ನು ಅಲೆಯೆಂದು ಮಾತ್ರ ನೋಡುವ ಮ್ಯಾಕ್ಸ್‌ವೆಲ್ ಸಮೀಕರಣಗಳಿಂದಲೇ ವಿವರಿಸಬಹುದು. ನಿಜವಾದ ಒಂಟಿ ಫೋಟಾನಿನ ಪ್ರಯೋಗವನ್ನು 1986ರಲ್ಲಿ ಫ್ರಾನ್ಸಿನ ಗ್ರಾಂಜಿಯೆ, ರೋಜೆ ಮತ್ತು ಆಸ್ಪೆ ಮಾಡಿದರು. ಕ್ಯಾಲ್ಸಿಯಂ ಪರಮಾಣು ಒಂದರ ಹಿಂದೆ ಒಂದರಂತೆ ಎರಡು ಫೋಟಾನ್‌ಗಳನ್ನು ಹೊರಸೂಸುತ್ತದೆ. ಮೊದಲನೆಯದು ಎರಡನೆಯದರ ಬರವನ್ನು ಸಾರುತ್ತದೆ. ಆ ಎರಡನೆಯದನ್ನು ಅರೆಪಾರಕ ಕನ್ನಡಿಗೆ (ಅರ್ಧ ಬೆಳಕನ್ನು ದಾಟಿಸಿ ಅರ್ಧವನ್ನು ಪ್ರತಿಫಲಿಸುವಂಥದ್ದು) ಬಿಟ್ಟಾಗ ಎರಡೂ ಕಡೆಯ ಶೋಧಕಗಳು ಒಟ್ಟಿಗೆ ಸದ್ದು ಮಾಡುವುದು ತೀರಾ ವಿರಳವಾಯಿತು, ಅಂದರೆ ಫೋಟಾನ್ ಒಡೆಯಲಿಲ್ಲ. ಅದೇ ಫೋಟಾನ್‌ಗಳ ಎರಡು ದಾರಿಗಳನ್ನು ಮತ್ತೆ ಕೂಡಿಸಿದಾಗ ವ್ಯತಿಕರಣ ಶೇ. 98ಕ್ಕಿಂತ ಹೆಚ್ಚು ಸ್ಪಷ್ಟವಾಗಿ ಕಂಡಿತು. ಹುಡುಗಿಯ ‘ಅರ್ಧರ್ಧ’ ಪ್ರಶ್ನೆಗೆ ನೇರವಾದ ಉತ್ತರ ಇರುವುದು ಇಲ್ಲಿ.

ನಿವೃತ್ತ ಇಂಜಿನಿಯರ್

ಸರಿ, ತಿದ್ದಿಕೊಂಡೆ. ಜೊತೆಗೆ ಮಕ್ಕಳಿಗೆ ಹೇಳಲು ಒಂದು ರಸಪ್ರಸಂಗ: ಎಲೆಕ್ಟ್ರಾನ್ ಕಣವೆಂದು ತೋರಿಸಿ ಜೆ. ಜೆ. ಥಾಮ್ಸನ್ 1906ರಲ್ಲಿ ನೊಬೆಲ್ ಪಡೆದರು. ಅದು ತರಂಗವೆಂದು ತೋರಿಸಿ ಅವರ ಮಗ ಜಿ. ಪಿ. ಥಾಮ್ಸನ್ 1937ರಲ್ಲಿ ಡೇವಿಸನ್ ಅವರೊಂದಿಗೆ ಅದೇ ಬಹುಮಾನವನ್ನು ಹಂಚಿಕೊಂಡರು.

ಕಡಲ ಕರೆಯವನು

ಕೇಳಲು ಚೆನ್ನಾಗಿದೆ. ಆದರೆ ತಂದೆಗೆ ಬಹುಮಾನ ಬಂದದ್ದು ಅನಿಲಗಳಲ್ಲಿ ವಿದ್ಯುತ್ ಹರಿಯುವ ಬಗೆಯ ಅಧ್ಯಯನಕ್ಕೆ, ಪ್ರಶಸ್ತಿಯ ಮಾತಿನಲ್ಲಿ ‘ಕಣ’ ಎಂಬುದಿಲ್ಲ.

ಮಲ್ಲಿಗೆ ಮೊಗ್ಗು

ಇಷ್ಟೆಲ್ಲ ಕಷ್ಟಪಡುವುದೇಕೆ? ಯಾವ ಗಂಡಿಯಲ್ಲಿ ಹೋಯಿತೆಂದು ನೋಡಬೇಕಾದರೆ ಬೆಳಕು ಬೀರಲೇಬೇಕು, ಬೆಳಕು ಎಲೆಕ್ಟ್ರಾನನ್ನು ತಳ್ಳುತ್ತದೆ, ತಳ್ಳಿದ್ದರಿಂದ ಪಟ್ಟಿ ಕಲಸಿಹೋಗುತ್ತದೆ. ಹೈಸೆನ್‌ಬರ್ಗ್ ಸೂಕ್ಷ್ಮದರ್ಶಕದ ಪಾಠದಲ್ಲಿ ನಮಗೆ ಇದನ್ನೇ ಹೇಳಿಕೊಟ್ಟಿದ್ದರು. ಎಲೆಕ್ಟ್ರಾನ್ ಒಂದು ಗಂಡಿಯಲ್ಲಿಯೇ ಹೋಗುತ್ತದೆ, ನಾವು ನೋಡಲು ಹೋಗಿ ಕೆಡಿಸುತ್ತೇವೆ.

ಗಣಿತದ ಗೀಳು

ಮೇಡಂ, ತಳ್ಳುವಿಕೆಯೇ ಕಾರಣವಾಗಿದ್ದರೆ, ತಳ್ಳದೆ ಗುರುತು ಮಾಡಿದಾಗ ಪಟ್ಟಿ ಉಳಿಯಬೇಕಿತ್ತು. ಉಳಿಯುವುದಿಲ್ಲ. 1998ರಲ್ಲಿ ಜರ್ಮನಿಯ ಕಾನ್‌ಸ್ಟಾನ್ಸ್‌ನಲ್ಲಿ ಡ್ಯೂರ್, ನೋನ್ ಮತ್ತು ರೆಂಪೆ ತಣ್ಣಗಿನ ರುಬಿಡಿಯಂ ಪರಮಾಣುಗಳ ಮೇಲೆ ಈ ಪ್ರಯೋಗ ಮಾಡಿದರು. ಪರಮಾಣು ಹಿಡಿದ ದಾರಿ ಯಾವುದೆಂಬುದನ್ನು ಸೂಕ್ಷ್ಮತರಂಗದ ಮೂಲಕ ಅದರದೇ ಒಳಗಿನ ಶಕ್ತಿಸ್ಥಿತಿಯಲ್ಲಿ ಗುರುತಾಗಿ ಉಳಿಯುವಂತೆ ಮಾಡಿದರು. ಆ ಸೂಕ್ಷ್ಮತರಂಗ ಪರಮಾಣುವಿಗೆ ಕೊಡುವ ತಳ್ಳು ಪಟ್ಟಿಗಳನ್ನು ಅಳಿಸಲು ಬೇಕಾದದ್ದಕ್ಕಿಂತ ತೀರಾ ಅಲ್ಪ. ಆದರೂ ಪಟ್ಟಿಗಳು ಪೂರ್ತಿ ಮಾಯವಾದವು. ಯಾರೂ ಆ ಗುರುತನ್ನು ಓದಬೇಕಾಗಿಯೂ ಇರಲಿಲ್ಲ, ಅದು ಎಲ್ಲಿಯೋ ಉಳಿದಿದ್ದರೆ ಸಾಕಾಗಿತ್ತು.

ಮಲ್ಲಿಗೆ ಮೊಗ್ಗು

ಹಾಗಾದರೆ ‘ನೋಡುವವನು’ ಎಂಬ ಪಾತ್ರವೇ ಬೇಡವೇ? ದ್ರಷ್ಟಾರನಿಲ್ಲದೆ ದೃಶ್ಯವಿಲ್ಲ ಎಂದು ನಮ್ಮ ವೇದಾಂತ ಹೇಳಿದ್ದನ್ನೇ ಕ್ವಾಂಟಂ ಸಿದ್ಧಾಂತವೂ ಹೇಳುತ್ತದೆ ಎಂದು ಹಲವು ಭಾಷಣಗಳಲ್ಲಿ ಕೇಳಿದ್ದೇನೆ.

ಪ್ರಯೋಗಾಲಯದ ಮೂಲೆ

ಭಾಷಣಗಳಲ್ಲಿ ನಾನೂ ಕೇಳಿದ್ದೇನೆ, ಪ್ರಯೋಗಾಲಯದಲ್ಲಿ ಕಂಡಿಲ್ಲ. ವಿಯೆನ್ನಾದಲ್ಲಿ ಆಂಟನ್ ಝೈಲಿಂಗರ್ ಅವರ ತಂಡ 1999ರಲ್ಲಿ ಅರವತ್ತು ಇಂಗಾಲದ ಪರಮಾಣುಗಳ ಚೆಂಡಿನಂಥ ಅಣುಗಳಿಂದಲೇ ವ್ಯತಿಕರಣ ತೋರಿಸಿತು. ಆಮೇಲೆ ಅದೇ ತಂಡದವರು ಎಪ್ಪತ್ತು ಇಂಗಾಲದ ಅಣುಗಳನ್ನು ಲೇಸರಿನಿಂದ ಕಾಯಿಸಿ ಹಾರಿಸಿದರು, ಅದು ಪ್ರಕಟವಾದದ್ದು 2004ರಲ್ಲಿ. ಅಣು ಕಾದಷ್ಟೂ ಪಟ್ಟಿ ಮಸುಕಾಗುತ್ತ ಹೋಯಿತು, ಏಕೆಂದರೆ ಕಾದ ಕಬ್ಬಿಣದಂತೆ ಅದೂ ಬೆಳಕು ಸೂಸುತ್ತದೆ, ಆ ಬೆಳಕು ಅಣು ಎಲ್ಲಿತ್ತೆಂಬ ಸುದ್ದಿಯನ್ನು ಉಪಕರಣದ ಗೋಡೆಯವರೆಗೆ ಒಯ್ಯುತ್ತದೆ. ಅಲ್ಲಿ ಇದ್ದ ‘ದ್ರಷ್ಟಾರ’ ಉಕ್ಕಿನ ಗೋಡೆ.

ಸೊನ್ನೆ ಒಂದು

ಉಕ್ಕಿನ ಗೋಡೆಗೆ ನಮಸ್ಕಾರ. ಇನ್ನು ದಾರಿಯ ವಿಷಯಕ್ಕೆ ಬರೋಣ. ಇಲ್ಲಿ ಎಲ್ಲರೂ ‘ಎಲೆಕ್ಟ್ರಾನಿಗೆ ದಾರಿ ಎಂಬುದೇ ಇಲ್ಲ’ ಎನ್ನುವ ಕಡೆಗೆ ಜಾರುತ್ತಿರುವಂತೆ ಕಾಣುತ್ತದೆ. ಅದೂ ಪ್ರಯೋಗ ಹೇಳಿದ ಮಾತಲ್ಲ. 1927ರ ಸಾಲ್ವೆ ಸಮ್ಮೇಳನದಲ್ಲಿ ಡಿ ಬ್ರಾಯ್ ಮುಂದಿಟ್ಟು, ಆಮೇಲೆ ಕೈಬಿಟ್ಟು, 1952ರಲ್ಲಿ ಡೇವಿಡ್ ಬೋಮ್ ಮತ್ತೆ ಕಟ್ಟಿದ ಸಿದ್ಧಾಂತದ ಪ್ರಕಾರ ಎಲೆಕ್ಟ್ರಾನಿಗೆ ಸದಾ ಒಂದು ನಿಶ್ಚಿತ ಜಾಗವಿದೆ, ಅದು ಒಂದೇ ಗಂಡಿಯಲ್ಲಿ ಹೋಗುತ್ತದೆ. ಎರಡರಲ್ಲೂ ಹೋಗುವುದು ಅದನ್ನು ನಡೆಸುವ ತರಂಗ.

1979ರಲ್ಲಿ ಫಿಲಿಪ್ಪಿಡಿಸ್, ಡ್ಯೂಡ್ನಿ ಮತ್ತು ಹೈಲಿ ಈ ದಾರಿಗಳನ್ನು ಗಣಕದಲ್ಲಿ ಲೆಕ್ಕ ಹಾಕಿ ಚಿತ್ರ ಬಿಡಿಸಿದರು. ನೋಡಿದರೆ ಬಾಚಿದ ಕೂದಲಿನಂತಿದೆ: ಗಂಡಿಗಳಿಂದ ಹೊರಟ ಗೆರೆಗಳು ಹರಡಿ, ಕತ್ತಲೆಯ ಪಟ್ಟಿ ಬರುವ ಜಾಗಗಳನ್ನು ಥಟ್ಟನೆ ದಾಟಿ, ಬೆಳಕಿನ ಪಟ್ಟಿಗಳಲ್ಲಿ ಒತ್ತಾಗುತ್ತವೆ. ಯಾವ ಗೆರೆಯೂ ನಟ್ಟನಡುವಿನ ರೇಖೆಯನ್ನು ದಾಟುವುದಿಲ್ಲ. ಆದ್ದರಿಂದ ಪರದೆಯ ಎಡ ಅರ್ಧದಲ್ಲಿ ಚುಕ್ಕೆ ಬಿದ್ದರೆ ಅದು ಎಡಗಂಡಿಯಿಂದಲೇ ಬಂದದ್ದು ಎಂದು ಈ ಸಿದ್ಧಾಂತದಲ್ಲಿ ಖಚಿತವಾಗಿ ಹೇಳಬಹುದು. 2011ರಲ್ಲಿ ಟೊರೊಂಟೊದಲ್ಲಿ ಸ್ಟೈನ್‌ಬರ್ಗ್ ಅವರ ತಂಡ ಒಂಟಿ ಫೋಟಾನ್‌ಗಳ ಮೇಲೆ ದುರ್ಬಲ ಮಾಪನ (ಹೆಚ್ಚು ಕದಡದೆ ತುಸುವೇ ಅಳೆಯುವುದು) ನಡೆಸಿ ಇಂಥವೇ ಗೆರೆಗಳನ್ನು ಪಡೆಯಿತು. ಹುಡುಗಿಗೆ ಇದನ್ನೇಕೆ ಹೇಳಬಾರದು?

ಗಣಿತದ ಗೀಳು

ಹೇಳಬಹುದು, ಎರಡು ಷರತ್ತುಗಳ ಮೇಲೆ. ಟೊರೊಂಟೊದ ಗೆರೆಗಳು ಯಾವುದೇ ಒಂದು ಫೋಟಾನ್ ನಡೆದ ದಾರಿಗಳಲ್ಲ. ಅವು ಅಸಂಖ್ಯ ಫೋಟಾನ್‌ಗಳಿಂದ ಬಿಂದುಬಿಂದುವಿನಲ್ಲೂ ಸರಾಸರಿ ದಿಕ್ಕನ್ನು ಪಡೆದು, ಆ ದಿಕ್ಕುಗಳನ್ನು ಪೋಣಿಸಿ ಎಳೆದ ಗೆರೆಗಳು. ಗಾಳಿಯ ನಕ್ಷೆಯ ಬಾಣಗಳನ್ನು ಜೋಡಿಸಿ ಎಳೆದ ಗೆರೆಯಲ್ಲಿಯೇ ಯಾವುದೋ ಒಂದು ಧೂಳಿನ ಕಣ ಸಾಗಿತೆಂದು ಹೇಳಲಾಗದಲ್ಲ, ಹಾಗೆ. ಬೋಮ್ ಅವರನ್ನು ಒಪ್ಪದವರ ಲೆಕ್ಕದಲ್ಲಿಯೂ ಇವೇ ಗೆರೆಗಳು ಬರುತ್ತವೆ, ಹಾಗಾಗಿ ಅವು ಬೋಮ್ ಪರವಾದ ಸಾಕ್ಷಿಯಾಗುವುದಿಲ್ಲ. ಎರಡನೆಯದಾಗಿ, ಒಂದೇ ಗಂಡಿಯಲ್ಲಿ ಹೋದ ಕಣದ ನಡೆ ಇನ್ನೊಂದು ಗಂಡಿ ತೆರೆದಿದೆಯೇ ಮುಚ್ಚಿದೆಯೇ ಎಂಬುದನ್ನು ಅವಲಂಬಿಸಿರುತ್ತದೆ. ಹಲವು ಕಣಗಳಿದ್ದಾಗ ದೂರದ ಕಣದ ಸ್ಥಾನ ಇಲ್ಲಿನ ಕಣದ ವೇಗವನ್ನು ಆ ಕ್ಷಣದಲ್ಲಿಯೇ ನಿರ್ಧರಿಸುತ್ತದೆ. ದಾರಿ ದಕ್ಕಿತು, ಬೆಲೆಯೂ ಅಷ್ಟೇ ದೊಡ್ಡದು.

ಸೊನ್ನೆ ಒಂದು

ಬೆಲೆ ದೊಡ್ಡದೆಂಬುದನ್ನು ಒಪ್ಪುತ್ತೇನೆ. ‘ದಾರಿ ಇಲ್ಲ’ ಎನ್ನುವವರೂ ಒಂದು ಬೆಲೆ ತೆರುತ್ತಿದ್ದಾರೆ ಎಂಬುದಷ್ಟೇ ನನ್ನ ವಾದ.

ಹೊಯ್ಸಳ ನಾಡು

ದಾರಿಗಳ ಮಾತು ಬಂದದ್ದರಿಂದ ನಮ್ಮ ಬೆಂಗಳೂರಿನ ಕೆಲಸವೊಂದನ್ನು ಇಲ್ಲಿ ಹೇಳಲೇಬೇಕು. 1948ರಲ್ಲಿ ಫೈನ್‌ಮನ್ ಕೊಟ್ಟ ರೀತಿಯಲ್ಲಿ, ಹೊರಟ ಜಾಗದಿಂದ ತಲುಪುವ ಜಾಗದವರೆಗಿನ ಎಲ್ಲ ದಾರಿಗಳ ಪಾರಗಳನ್ನೂ ಕೂಡಬೇಕು. ‘ಎಲ್ಲ’ ಎಂದರೆ ಡೊಂಕು ದಾರಿಗಳೂ ಸೇರಿದವು: ಎಡಗಂಡಿಯಲ್ಲಿ ಹೊಕ್ಕು, ಬಲಗಂಡಿಯ ಕಡೆಗೆ ಹೊರಳಿ, ಅದರೊಳಗೆ ಸುಳಿದು, ಮತ್ತೆ ಪರದೆಗೆ ಹೋಗುವಂಥವು. ಪಠ್ಯಪುಸ್ತಕದಲ್ಲಿ ನಾವು ಬರೆಯುವ ‘ಎರಡೂ ತೆರೆದಾಗಿನ ತರಂಗ ಎಂದರೆ ಎಡಗಂಡಿಯೊಂದರ ತರಂಗ ಕೂಡಿಸು ಬಲಗಂಡಿಯೊಂದರ ತರಂಗ’ ಎಂಬ ಸೂತ್ರದಲ್ಲಿ ಇವುಗಳಿಗೆ ಜಾಗವಿಲ್ಲ. ಬಲಗಂಡಿಯನ್ನು ಮುಚ್ಚಿದಾಗ ಗಂಡಿಗಳಿರುವ ಹಲಗೆಯ ಆಕಾರವೇ ಬದಲಾಗುತ್ತದೆ, ಹಾಗಾಗಿ ಎಡಗಂಡಿಯ ತರಂಗವೂ ತುಸು ಬದಲಾಗುತ್ತದೆ. ನಾವು ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಟ್ಟ ಸೂತ್ರ ಒಂದು ಒಳ್ಳೆಯ ಅಂದಾಜು, ಅಷ್ಟೇ.

ಊರ್ಬಶಿ ಸಿನ್ಹಾ ಮತ್ತು ಸಂಗಡಿಗರು 2010ರಲ್ಲಿ ಕೆನಡಾದ ವಾಟರ್ಲೂನಲ್ಲಿ ಮೂರು ಗಂಡಿಗಳ ಪ್ರಯೋಗ ಮಾಡಿ, ವ್ಯತಿಕರಣವೆಂಬುದು ಎರಡೆರಡು ದಾರಿಗಳ ಜೋಡಿಗಳಲ್ಲಿಯೇ ಮುಗಿಯುತ್ತದೆ, ಮೂರೂ ಸೇರಿ ಹುಟ್ಟುವ ಹೊಸ ಪದ ಇದ್ದರೂ ಅದು ಜೋಡಿಗಳದ್ದರ ನೂರನೆಯ ಒಂದು ಭಾಗಕ್ಕಿಂತ ಕಡಿಮೆ ಎಂದು ತೋರಿಸಿದರು. ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಅವರು ಅಲ್ಲಿನ ಸಹೋದ್ಯೋಗಿಗಳ ಜೊತೆ, ಈ ಡೊಂಕು ದಾರಿಗಳಿಂದಾಗಿ ಮೂರೂ ಸೇರಿ ಹುಟ್ಟುವ ಆ ಪದ ಪೂರ್ತಿ ಸೊನ್ನೆಯಾಗಿರುವುದಿಲ್ಲ ಎಂದು 2014ರಲ್ಲಿ ಲೆಕ್ಕ ಮಾಡಿ ತೋರಿಸಿದರು. ಬೆಳಕಿನಲ್ಲಿ ಅದು ಅಳತೆಗೆ ಸಿಗದಷ್ಟು ಕಿರಿದಾಗಬಹುದು. ಗಂಡಿಯ ಗಾತ್ರ ತರಂಗಾಂತರಕ್ಕೆ ಹತ್ತಿರವಾದಷ್ಟೂ ಡೊಂಕು ದಾರಿಗಳ ಪಾಲು ಹೆಚ್ಚುತ್ತದೆ. ಆದ್ದರಿಂದ ಸುಮಾರು ಐದು ಸೆಂಟಿಮೀಟರ್ ತರಂಗಾಂತರದ ಸೂಕ್ಷ್ಮತರಂಗವನ್ನು ಬಳಸಿ, ಆ ವ್ಯತ್ಯಾಸವನ್ನು ಅಳೆದು, 2018ರಲ್ಲಿ ಪ್ರಕಟಿಸಿದರು.

ಕಡಲ ಕರೆಯವನು

ಒಂದು ಎಚ್ಚರಿಕೆ: ಇದರಿಂದ ಕ್ವಾಂಟಂ ಸಿದ್ಧಾಂತ ಬಿದ್ದುಹೋಯಿತೆಂದು ಯಾರೂ ಹೊರಡಬಾರದು. ಐದು ಸೆಂಟಿಮೀಟರಿನ ಅಲೆಗೆ ಮ್ಯಾಕ್ಸ್‌ವೆಲ್ ಸಾಕು. ಅಧ್ಯಾರೋಪಣೆಯ (ತರಂಗಗಳನ್ನು ಕೂಡುವ) ನಿಯಮ ಅಲುಗಿಲ್ಲ, ಅದನ್ನು ಅವಸರದಲ್ಲಿ ಅನ್ವಯಿಸುತ್ತಿದ್ದ ನಮ್ಮ ರೂಢಿ ಅಲುಗಿದೆ.

ನುಡಿಗಾತಿ

ನಾನು ಕನ್ನಡ ಮೇಷ್ಟ್ರ ಮಗಳು, ಭೌತಶಾಸ್ತ್ರ ಪಿಯುಸಿಗೇ ನಿಂತಿತು. ಆದರೂ ಹೇಳುತ್ತೇನೆ, ತೊಂದರೆಯ ಒಂದು ಪಾಲು ‘ಹಾದುಹೋಗು’ ಎಂಬ ಕ್ರಿಯಾಪದದಲ್ಲಿದೆ. ಹಾದುಹೋಗುವುದಕ್ಕೆ ಒಬ್ಬ ಕರ್ತೃ ಬೇಕು, ಅವನಿಗೊಂದು ದಾರಿ ಬೇಕು, ದಾರಿಯಲ್ಲಿ ಮೊದಲು-ಆಮೇಲೆ ಎಂಬುದು ಬೇಕು. ಈ ಪದವನ್ನು ಬಳಸಿದ ಕೂಡಲೇ ‘ಯಾವುದರಲ್ಲಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ಎರಡರಲ್ಲೂ’ ಎಂದು ಉತ್ತರಿಸಿದಿರೋ, ಆ ಹುಡುಗಿ ಅರ್ಧರ್ಧ ಕೇಳಿದ್ದರಲ್ಲಿ ಆಶ್ಚರ್ಯವೇನು? ಎಲೆಕ್ಟ್ರಾನನ್ನು ಕರ್ತೃಸ್ಥಾನದಿಂದ ಇಳಿಸಿ ನೋಡಿ: ‘ಎಲೆಕ್ಟ್ರಾನ್ ಹೊರಟದ್ದನ್ನೂ ತಲುಪಿದ್ದನ್ನೂ ನಾವು ಕಂಡಿದ್ದೇವೆ, ನಡುವಿನ ಲೆಕ್ಕದಲ್ಲಿ ಎರಡೂ ಗಂಡಿಗಳಿಗೆ ಪಾಲಿದೆ.’

ಅಂದ ಹಾಗೆ ‘ಪಾರ’ ಎಂಬುದು ಮಕ್ಕಳಿಗೆ ಪಾರು ಕಾಣದ ಪದ. ಆಂಪ್ಲಿಟ್ಯೂಡ್ ಎಂದೇ ಬರೆಯಬಾರದೇ?

ಗಣಿತದ ಗೀಳು

ವಾಕ್ಯ ಸೊಗಸಾಗಿದೆ, ನನ್ನ ನಾಲ್ಕು ಪ್ಯಾರಾಗಳಿಗಿಂತ ಮೇಲು. ‘ಪಾರ’ವನ್ನು ಮಾತ್ರ ಬಿಟ್ಟುಕೊಡಲಾರೆ, ಅಲೆಗಳ ಪಾಠದಲ್ಲಿ ಮಕ್ಕಳು ಅದನ್ನು ಆಗಲೇ ಓದಿರುತ್ತಾರೆ.

ನಿವೃತ್ತ ಇಂಜಿನಿಯರ್

ಮೇಷ್ಟ್ರೇ, ಮಾತಿನ ಮೊದಲು ಕಣ್ಣಿಗೆ ತೋರಿಸಿ. ನಾನು ಮೊಮ್ಮಗನಿಗಾಗಿ ಅಲ್ಯೂಮಿನಿಯಂ ಹಾಳೆಯಲ್ಲಿ ಬ್ಲೇಡಿನಿಂದ ಎರಡು ಸೀಳು ಕೊಯ್ದು ಇಡೀ ಭಾನುವಾರ ಕಳೆದೆ, ಒಂದು ಸೀಳು ಅಗಲವಾಯಿತು, ಇನ್ನೊಂದು ಹರಿದುಹೋಯಿತು. ಕೊನೆಗೆ ಮನೆಯಾಕೆಯ ಬಾಚಣಿಗೆಯಿಂದ ಒಂದು ಕೂದಲು ತೆಗೆದು, ರಟ್ಟಿನಲ್ಲಿ ಕಿಂಡಿ ಮಾಡಿ ಅದರ ಮೇಲೆ ಬಿಗಿಯಾಗಿ ಅಂಟಿಸಿ, ಕೆಂಪು ಲೇಸರ್ ಪಾಯಿಂಟರನ್ನು ಅದರ ಮೇಲೆ ಬಿಟ್ಟೆ. ಎದುರು ಗೋಡೆಯ ಮೇಲೆ ಮಣಿಸರದಂತೆ ಪಟ್ಟಿಗಳು! ಯಂಗ್ ಕೂಡ 1803ರಲ್ಲಿ ವಿವರಿಸಿದ ಪ್ರಯೋಗದಲ್ಲಿ ಬಳಸಿದ್ದು ಗಂಡಿಗಳನ್ನಲ್ಲ, ಇಂಚಿನ ಮೂವತ್ತನೆಯ ಒಂದು ಭಾಗದಷ್ಟು ಅಗಲದ ರಟ್ಟಿನ ತುಂಡನ್ನು. ಬಿಸಿಲಿನ ಕೋಲನ್ನು ಅದರಿಂದ ಸೀಳಿದರು, ಒಂದು ಪಕ್ಕವನ್ನು ಮರೆಮಾಡಿದೊಡನೆ ನೆರಳಿನೊಳಗಿನ ಪಟ್ಟಿಗಳು ಮಾಯವಾದವು.

ನಡುವಿನ ಉರಿಯುವ ಚುಕ್ಕೆಯನ್ನು ಬಿಟ್ಟು, ಪಕ್ಕದಲ್ಲಿ ಒಂದರ ಹಿಂದೆ ಒಂದು ಬರುವ ಕತ್ತಲೆಯ ಜಾಗಗಳ ಅಂತರವನ್ನು ಅಳೆಯಿರಿ. ತರಂಗಾಂತರವನ್ನು ಗೋಡೆಯ ದೂರದಿಂದ ಗುಣಿಸಿ ಆ ಅಂತರದಿಂದ ಭಾಗಿಸಿದರೆ ಕೂದಲಿನ ದಪ್ಪ ಸಿಗುತ್ತದೆ. ಲೇಸರ್ ಯಾರ ಕಣ್ಣಿಗೂ ಬೀಳದಂತೆ ನೋಡಿಕೊಳ್ಳಿ.

ಪಿಯು ಮೇಷ್ಟ್ರು

ಎಲ್ಲರಿಗೂ ವಂದನೆಗಳು. ಇಂದು ಕೊನೆಯ ಅವಧಿಯಲ್ಲಿ ಕಿಟಕಿಗಳಿಗೆ ಚಾರ್ಟ್ ಹಾಳೆ ಅಂಟಿಸಿ ಕೂದಲಿನ ಪ್ರಯೋಗ ಮಾಡಿದೆವು. ಕೂದಲು ಆ ಹುಡುಗಿಯದೇ. ಗೋಡೆ ಎರಡು ಮೀಟರ್ ದೂರ, ಲೇಸರಿನ ಮೇಲೆ ಬರೆದದ್ದು 650 ನ್ಯಾನೋಮೀಟರ್, ಅಂತರ 1.9 ಸೆಂಟಿಮೀಟರ್. ದಪ್ಪ ಸುಮಾರು 68 ಮೈಕ್ರೋಮೀಟರ್ ಬಂತು. ಆಮೇಲೆ ಟೊನೊಮುರಾ ಅವರ ಐದು ಚಿತ್ರಗಳನ್ನು ಒಂದೊಂದಾಗಿ ತೋರಿಸಿದೆ. ಟಿಪ್ಪಣಿಯಲ್ಲಿ ನುಡಿಗಾತಿ ಅವರ ವಾಕ್ಯವನ್ನೇ ಹಾಕಿದ್ದೇನೆ, ಅದರ ಕೆಳಗೆ ನೂರು, ನೂರು, ಸೊನ್ನೆ ಎಂಬ ಲೆಕ್ಕವಿದೆ.

ಅವಳು ಓದಿ ಇನ್ನೊಂದು ಪ್ರಶ್ನೆ ಕೇಳಿದಳು: “ಒಂದೇ ಒಂದು ಫೋಟಾನ್ ಬಿಟ್ಟರೆ, ನನ್ನ ಕೂದಲು ಎಷ್ಟು ದಪ್ಪ ಅಂತ ಅದಕ್ಕೆ ಗೊತ್ತಿರುತ್ತಾ ಸರ್?”

ಗಣಿತದ ಗೀಳು

ಒಂದು ಫೋಟಾನಿನಿಂದ ಒಂದು ಚುಕ್ಕೆ ಸಿಗುತ್ತದೆ, ಆ ಚುಕ್ಕೆಯಿಂದ ಯಾರೂ ದಪ್ಪವನ್ನು ಅಳೆಯಲಾರರು ಎಂದು ಹೇಳಿ. ಆದರೆ ಆ ಒಂದು ಚುಕ್ಕೆಯೂ ಕತ್ತಲೆಯ ಪಟ್ಟಿಯ ನಟ್ಟನಡುವೆ ಬೀಳುವುದಿಲ್ಲ, ಮತ್ತು ಆ ಪಟ್ಟಿ ಎಲ್ಲಿರಬೇಕೆಂಬುದನ್ನು ಅವಳ ಕೂದಲಿನ 68 ಮೈಕ್ರೋಮೀಟರ್ ನಿರ್ಧರಿಸಿದೆ ಎಂಬುದನ್ನೂ ಹೇಳಿ.